ಗೌಡರ ಟರ್ಬೊ ಗಾಡಿ ಮತ್ತು ಫೋರ್‌ಮನ್ನರ ಕಿವಿ

ಗಾಡಿಯ ಇನ್‌ಟೇಕ್ ಬದಲಿಸಬೇಕು ಎಂದು ಯಾರಾದರೂ ನನ್ನೆದುರು ಅಂದರೆ, ಕೆಲಸ ಬಿಟ್ಟು ಇಷ್ಟು ವರ್ಷವಾದರೂ ಕೈ ತುರಿಸುತ್ತದೆ. ಎಂಜಿನ್ನಿಗೆ ಗಾಳಿ ಹೋಗುವ ದಾರಿಯ ಕೆಲಸ ಅದು. ಎಣ್ಣೆ ಸೋರಿದರೆ ಕಾಣುತ್ತದೆ, ಗಿಯರು ಸವೆದರೆ ಬೆರಳಿಗೆ ಹತ್ತುತ್ತದೆ. ಗಾಳಿ ಕಾಣುವುದಿಲ್ಲ. ಕಾಣದ್ದನ್ನು ರಿಪೇರಿ ಮಾಡುವ ಮಜವೇ ಬೇರೆ! ಈಗ ಗ್ಯಾರೇಜಿಗೆ ಸೇರುವ ತರುಣರು ಫೋನಿನಲ್ಲಿ ಪೈಪು ಆರಿಸಿ, ಡಬ್ಬಿ ಬಿಚ್ಚಿ, ನಾಲ್ಕು ಕ್ಲಿಪ್ಪು ಬಿಗಿದು ‘ಅಪ್‌ಗ್ರೇಡ್ ಆಯಿತು’ ಅನ್ನುತ್ತಾರೆ. ಅನ್ನಲಿ, ನನ್ನದೇನೂ ತಕರಾರಿಲ್ಲ. ನಾವು ಅದೇ ಕೆಲಸವನ್ನು ಕುಷ್ಟಗಿಯಲ್ಲಿ ಅಕ್ಕಿ ಗಿರಣಿಯ ತಗಡು, ದವಾಖಾನೆಯ ಸಲಾಯಿನ್ ನಳಿಕೆ ಮತ್ತು ದೇವರ ಮನೆಯ ಊದಿನಕಡ್ಡಿ ಇಟ್ಟುಕೊಂಡು ಮಾಡಿದೆವು. ಅದನ್ನು ಬರೆದಿಡುತ್ತೇನೆ. ನಾನು ಯಾವಾಗ ಫಿಟ್ಟರ್ ಆದೆ, ಯಾವಾಗ ಹೆಡ್ ಫಿಟ್ಟರ್ ಆದೆ ಎಂಬ ಲೆಕ್ಕ ನಮ್ಮ ಮನೆಯವರಿಗೇ ಬೇಡ, ನಿಮಗೇಕೆ?

ನಾನು ಕೆಲಸಕ್ಕಿದ್ದದ್ದು ಕುಷ್ಟಗಿ ಬಳಿಯ ಒಂದು ಗ್ರಾನೈಟ್ ಕ್ವಾರಿಯಲ್ಲಿ. ಎಪ್ಪತ್ತರ ದಶಕದ ಕೊನೆಗೆ ಸೇರಿದೆ. ಕಲ್ಲಿಗೆ ರಂಧ್ರ ಕೊರೆಯುವ ಡ್ರಿಲ್‌ಗಳಿಗೆ ಗಾಳಿ ಒದಗಿಸುವ ದೊಡ್ಡ ಡೀಸೆಲ್ ಕಂಪ್ರೆಸರ್‌ಗಳನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ಅವುಗಳಲ್ಲಿ ಎರಡಕ್ಕೆ ಟರ್ಬೊ ಇತ್ತು. ಹೊಗೆಯ ರಭಸದಿಂದ ಒಂದು ಚಕ್ರ ತಿರುಗಿ, ಅದರ ಬಲದಿಂದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿಗೆ ತುರುಕುವ ಯಂತ್ರ ಅದು. ಸುತ್ತಲಿನ ನಾಲ್ಕು ತಾಲೂಕುಗಳಲ್ಲಿ ಟರ್ಬೊ ಬಿಚ್ಚಿ ಜೋಡಿಸಬಲ್ಲವರು ಆಗ ಒಬ್ಬರೇ, ನಮ್ಮ ಫೋರ್‌ಮನ್ ವೀರಭದ್ರಪ್ಪನವರು. ಯಲಬುರ್ಗಾ ಕಡೆಯವರು, ಐವತ್ತು ದಾಟಿತ್ತು. ಕಂಪ್ರೆಸರ್ ಅರ್ಧ ಮೈಲಿ ದೂರದಲ್ಲಿ ನಡೆಯುತ್ತಿದ್ದರೂ ಕೂತಲ್ಲೇ ಕಿವಿಗೊಟ್ಟು “ಮೂರನೇ ಸಿಲಿಂಡರ್ ನಾಜಲ್ ಹೋಗೈತಿ ನೋಡೋ” ಅನ್ನುತ್ತಿದ್ದರು. ಹೋಗಿ ನೋಡಿದರೆ ಹೋಗಿರುತ್ತಿತ್ತು.

ನಾನು ಸೇರಿದ ಕೆಲವು ವರ್ಷಗಳಲ್ಲಿ ಆ ಕಿವಿ ಹೋಗಿಬಿಟ್ಟಿತ್ತು. ನನ್ನೊಬ್ಬನಿಗೆ ಗೊತ್ತಿತ್ತು. ಒಂದು ದಿನ ಅವರ ಬೆನ್ನ ಹಿಂದೆಯೇ ಜಾಕ್ ಜಾರಿ ಕಬ್ಬಿಣದ ಚೌಕಟ್ಟು ಬಂಡೆಗೆ ಬಡಿಯಿತು. ನಾವೆಲ್ಲ ಹಾರಿಬಿದ್ದೆವು, ಅವರು ಹಿಂತಿರುಗಿಯೂ ನೋಡಲಿಲ್ಲ. ಸಂಜೆ ಚಹಾದ ಹೊತ್ತಿಗೆ ನನ್ನನ್ನು ಕೂರಿಸಿಕೊಂಡು ತಾವೇ ಹೇಳಿದರು: “ಮಹಿಬೂಬ, ಎಡಗಿವಿ ಪೂರಾ ಹೋಗೈತಿ. ಬಲಗಿವ್ಯಾಗ ಬರೇ ಗುಂಯ್ ಅಂತೈತಿ. ಯಾರ ಮುಂದನೂ ಬಾಯಿ ಬಿಡಬ್ಯಾಡ. ಕ್ವಾರಿ ಬಿಟ್ರ ನನಗ ಬ್ಯಾರೆ ಏನೂ ಬರಂಗಿಲ್ಲ.”

ಬಾಯಿ ಬಿಟ್ಟರೆ ಅವರ ಕೆಲಸ ಹೋಗುತ್ತಿತ್ತು. ನಮ್ಮ ಮಾಲಕರು ಶರಣಗೌಡರು ಒಂದು ಕಾಯಿದೆ ಮಾಡಿದ್ದರು, ಕಿವಿ ಮಂದ ಇದ್ದವರು ಕ್ವಾರಿಗೆ ಇಳಿಯಕೂಡದು. ಬಂಡೆ ಒಡೆಯಲು ಮದ್ದು ಹಾರಿಸುವ ಮೊದಲು ಮೂರು ಸಲ ಸಿಳ್ಳೆ ಊದುತ್ತಾರೆ. ಹಿಂದೊಮ್ಮೆ ಡ್ರಿಲ್ ಹಿಡಿಯುವವನೊಬ್ಬನಿಗೆ ಅದು ಕೇಳಿಸದೆ, ಹಾರಿದ ಕಲ್ಲಿಗೆ ಅವನ ಕಾಲು ಹೋಗಿತ್ತು. ಅವನನ್ನು ಹೊತ್ತು ಜೀಪಿಗೆ ಹಾಕಿದವರು ಗೌಡರೇ. ಆಮೇಲಿಂದ ವರ್ಷಕ್ಕೊಮ್ಮೆ ಎಲ್ಲರ ಕಿವಿ ಪರೀಕ್ಷೆ ನಡೆಯುತ್ತಿತ್ತು. ಒಬ್ಬೊಬ್ಬರನ್ನೇ ಬೆನ್ನು ಮಾಡಿ ನಿಲ್ಲಿಸಿ ಹಿಂದಿನಿಂದ ಎರಡು ಸ್ಪ್ಯಾನರ್ ತಾಗಿಸುವುದು, ಕೇಳಿದರೆ ಕೈ ಎತ್ತಬೇಕು. ಸ್ಪ್ಯಾನರ್ ತಾಗಿಸುತ್ತಿದ್ದವರು ಫೋರ್‌ಮನ್ನರೇ! ಪರೀಕ್ಷೆ ಮಾಡುವವರನ್ನು ಪರೀಕ್ಷೆ ಮಾಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಇನ್ನೊಂದು ಅನುಕೂಲವೂ ಇತ್ತು. ಕ್ವಾರಿಯಲ್ಲಿ ಡ್ರಿಲ್ ನಡೆಯುವಾಗ ಯಾರ ಮಾತೂ ಯಾರಿಗೂ ಕೇಳುವುದಿಲ್ಲ, ಎಲ್ಲರದೂ ಕೈಸನ್ನೆ. ಮುಷ್ಟಿ ಎತ್ತಿ ಬಿಚ್ಚಿದರೆ ‘ಗಾಳಿ ಬಿಡು’, ಅಂಗೈ ಕೆಳಕ್ಕೆ ಒತ್ತಿದರೆ ‘ನಿಲ್ಲಿಸು’, ತಲೆಯ ಮೇಲೆ ಎರಡೂ ತೋಳು ಕತ್ತರಿಯಾದರೆ ‘ಮದ್ದು, ಓಡು’. ಸನ್ನೆಯಲ್ಲಿ ಹರಟೆ, ಬೈಗುಳ, ಅಡುಗೆಯ ವಿಚಾರ ಎಲ್ಲ ನಡೆಯುತ್ತಿತ್ತು. ಊರೆಲ್ಲ ಕೈಯಲ್ಲಿ ಮಾತಾಡುವ ಕಡೆ ಕಿವುಡರು ಯಾರೆಂದು ಹೇಗೆ ತಿಳಿಯಬೇಕು? ಎದುರು ನಿಂತು ನಿಧಾನ ಮಾತಾಡಿದರೆ ಫೋರ್‌ಮನ್ನರು ತುಟಿ ನೋಡಿ ಹಿಡಿಯುತ್ತಿದ್ದರು. ಉಳಿದದ್ದಕ್ಕೆ ನಾನಿದ್ದೆ. ಹೀಗೆ ಎರಡು ವರ್ಷ ಸಾಗಿಸಿದೆವು. ನನಗಾಗ ಇಪ್ಪತ್ತೆಂಟು ವರ್ಷ, ದೊಡ್ಡ ಉಪಕಾರ ಮಾಡುತ್ತಿದ್ದೇನೆಂಬ ಜಂಬ ಬೇರೆ.

ಅಷ್ಟರಲ್ಲಿ ಬಂತು ಆ ಗಾಡಿ. ಎಂಬತ್ತರ ದಶಕದ ನಡುವಿನ ಮಾತು. ಗೌಡರು ಕಲ್ಲು ಹಡಗಿಗೆ ಹಾಕಿಸಲು ಮುಂಬೈಗೆ ಹೋದವರು ಬರುವಾಗ ಒಂದು ಕೆಂಪು ಜಪಾನಿ ಸ್ಪೋರ್ಟ್ಸ್ ಕಾರು ಓಡಿಸಿಕೊಂಡು ಬಂದರು. ಎರಡೇ ಬಾಗಿಲು, ಮಂಡಿಯೆತ್ತರ, ಬೆನ್ನ ಮೇಲೆ ‘ಟರ್ಬೊ’ ಎಂದು ಬೆಳ್ಳಿಯ ಅಕ್ಷರ. ಕುಷ್ಟಗಿ ಬಸ್ ಸ್ಟ್ಯಾಂಡಿನಲ್ಲಿ ಹತ್ತಬೇಕಾದ ಬಸ್ಸು ಬಿಟ್ಟು ಜನ ಅದನ್ನು ನೋಡಿದರು. ನನಗಂತೂ ಎರಡು ದಿನ ಊಟ ಸೇರಲಿಲ್ಲ. ಬಾನೆಟ್ಟಿನೊಳಗೆ ಏನಿದೆ ಎಂದು ನೋಡುವ ತನಕ ಜೀವಕ್ಕೆ ಸಮಾಧಾನವಿಲ್ಲ.

ಬಹಳ ದಿನ ಕಾಯಬೇಕಾಗಲಿಲ್ಲ. ನಾಲ್ಕು ತಿಂಗಳು ಗೌಡರು ಅದನ್ನು ಕ್ವಾರಿ ಸುತ್ತಲಿನ ರಸ್ತೆಗಳಲ್ಲೆಲ್ಲ ಓಡಿಸಿದರು. ಗ್ರಾನೈಟ್ ಧೂಳು ಎಂದರೆ ಅರೆದ ಗಾಜು. ಗಾಡಿ ಏದುಸಿರು ಬಿಡತೊಡಗಿತು. ನಿಂತಲ್ಲಿ ಎಂಜಿನ್ ಒಮ್ಮೆ ಏರುವುದು, ಒಮ್ಮೆ ಇಳಿಯುವುದು. ಎಕ್ಸಲರೇಟರ್ ಒತ್ತಿದರೆ ಟರ್ಬೊ ಸಿಳ್ಳೆ ಹೊಡೆಯುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಗೌಡರು ಫೋರ್‌ಮನ್ನರನ್ನೂ ನನ್ನನ್ನೂ ಕರೆಸಿದರು.

“ವೀರಭದ್ರಪ್ಪ, ಇದಕ್ಕ ನಮ್ಮ ಧೂಳಿಗೆ ತಕ್ಕಂತ ಗಾಳಿ ಮಾರ್ಗ ಹೊಸಾದು ಮಾಡ್ರಿ. ಜಪಾನದವ್ರು ನಮ್ಮ ಊರು ನೋಡಿ ಮಾಡ್ಯಾರೇನು? ಎಂಟು ದಿನ ಕ್ವಾರಿ ಬಿಡ್ರಿ. ನಮ್ಮ ಮನಿ ಅಂಗಳದಾಗ ಮಾಡ್ರಿ, ನಾನೂ ಕುಂತು ನೋಡ್ತೀನಿ.”

ಗಾಡಿಯ ಹೊಟ್ಟೆ ನೆಲಕ್ಕೆ ತಾಗುವಷ್ಟು ಕೆಳಗೆ, ಕ್ವಾರಿಗೆ ಒಯ್ಯುವಂತಿಲ್ಲ. ಗೌಡರ ಅಂಗಳವೋ, ಗುಬ್ಬಿ ರೆಕ್ಕೆ ಬಡಿದರೂ ಕೇಳುವಷ್ಟು ಶಾಂತ. ಅಲ್ಲಿ ಕೈಸನ್ನೆ ಮಾಡಿದರೆ ಹುಚ್ಚರು ಅನ್ನುತ್ತಾರೆ. ಎಂಟು ದಿನ, ಗೌಡರು ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ!

ಮೊದಲ ದಿನವೇ ಪೇಚು. ಫೋರ್‌ಮನ್ನರು ಬಾನೆಟ್ಟಿನೊಳಗೆ ತಲೆ ಹಾಕಿದ್ದಾರೆ, ಗೌಡರು ಹಿಂದಿನಿಂದ “ಚಾ ಕುಡಿತೀರೇನ್ರಿ?” ಅಂದರು. ಏನೋ ಕೇಳಿದರು ಎಂದಷ್ಟೇ ಫೋರ್‌ಮನ್ನರಿಗೆ ಗೊತ್ತಾಗಿ, “ಇನ್ನೂ ಎರಡು ಬೋಲ್ಟ್ ಅದಾವ್ರಿ, ಬಿಚ್ಚಿ ನೋಡೂಣು” ಅಂದರು. ನಾನು ತಕ್ಷಣ “ಬೋಲ್ಟ್ ಬಿಚ್ಚಿ ಆಮ್ಯಾಲ ಕುಡಿತಾರಂತ್ರಿ” ಎಂದು ಸೇರಿಸಿದೆ. ಗೌಡರು ನಕ್ಕು “ಕೆಲಸದ ಹುಚ್ಚು ನೋಡು” ಅಂದರು. ನಾನೂ ನಕ್ಕೆ.

ಒಳಗೆ ನೋಡಿದರೆ ಗಾಳಿಯ ದಾರಿ ಸರಳವಾಗಿತ್ತು. ಮೊದಲು ಕಾಗದದ ಫಿಲ್ಟರ್, ಆಮೇಲೆ ಎಷ್ಟು ಗಾಳಿ ಹೋಯಿತು ಎಂದು ಅಳೆಯುವ ಒಂದು ಪೆಟ್ಟಿಗೆ, ಅಲ್ಲಿಂದ ಮಡಿಕೆ ಮಡಿಕೆಯ ರಬ್ಬರ್ ಕೊಳವೆ, ಆಮೇಲೆ ಟರ್ಬೊ. ಫಿಲ್ಟರ್ ಮೇಲೆ ಕಲ್ಲಿನ ಧೂಳು ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು. ಅದನ್ನು ನೋಡಿದ್ದೇ ತಡ, ನನ್ನ ಬುದ್ಧಿವಂತಿಕೆ ಜಿಗಿಯಿತು. ಟ್ರ್ಯಾಕ್ಟರ್‌ಗಳಿಗೆ ಎಣ್ಣೆ ಬಟ್ಟಲಿನ ಫಿಲ್ಟರ್ ಇರುತ್ತದೆ. ಗಾಳಿ ಎಣ್ಣೆಯ ಮೇಲೆ ಹಾದು ಹೋಗುವಾಗ ಧೂಳು ಎಣ್ಣೆಗೆ ಅಂಟಿಕೊಳ್ಳುತ್ತದೆ. ನವಲಿ ಊರಿನ ಕಡೆಯ ಗದ್ದೆಗಳಲ್ಲಿ ಎಂಥ ಧೂಳಿನಲ್ಲೂ ಅದು ಸೋತದ್ದನ್ನು ನಾನು ಕಂಡಿರಲಿಲ್ಲ. “ಅದನ್ನ ಹಾಕೂಣ್ರಿ” ಅಂದೆ. ಫೋರ್‌ಮನ್ನರು ಹಣೆ ಗಂಟು ಹಾಕಿದರು, ಆದರೆ ಬೇಡ ಅನ್ನಲಿಲ್ಲ. ಗೌಡರಂತೂ “ಹಾಕ್ರಿ ಹಾಕ್ರಿ” ಎಂದು ಎದ್ದೇ ನಿಂತರು.

ಹಾಕಿದೆವು. ಫೋರ್‌ಮನ್ನರು ಸೀಟಿನಲ್ಲಿ ಕೂತು ಎಂಜಿನ್ ಚಾಲೂ ಮಾಡಿ ಒತ್ತಿದರು. ಟ್ರ್ಯಾಕ್ಟರ್ ಗಾಳಿಯನ್ನು ಹೀರುವುದು ಒಂದು ತರಹ, ಟರ್ಬೊ ಎಳೆಯುವುದೇ ಒಂದು ತರಹ. ಬಟ್ಟಲಿನ ಎಣ್ಣೆಯನ್ನೇ ಎಳೆದು ಕುಡಿದುಬಿಟ್ಟಿತು! ಹಿಂದಿನ ಕೊಳವೆಯಿಂದ ಬಿಳಿ ಹೊಗೆ ಎದ್ದು ಅಂಗಳ ತುಂಬಿತು, ಗೋಡೆ ದಾಟಿತು, ಓಣಿ ತುಂಬಿತು. ಗೌಡರ ಹೆಂಡತಿ ಗೌಡಶಾನಿ ಹೊರಸಿನ ಮೇಲೆ ಒಣಗಲು ಹಾಕಿದ್ದ ಶಾವಿಗೆ ಹೊಗೆಯಲ್ಲಿ ಮುಳುಗಿಹೋಯಿತು. ನಾನು “ಬಂದ್ ಮಾಡ್ರಿ! ಬಂದ್ ಮಾಡ್ರಿ!” ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದೇನೆ, ಫೋರ್‌ಮನ್ನರು ಮೀಟರ್ ನೋಡುತ್ತ ಇನ್ನೂ ಒತ್ತುತ್ತಿದ್ದಾರೆ. ಓಡಿಹೋಗಿ ನಾನೇ ಚಾವಿ ತಿರುವಿದೆ.

“ಶಾವಿಗ್ಯಾಗ ಎಂಜಿನ್ ಎಣ್ಣಿ ಹಾಕಿ ತಿನ್ನಸ್ತೀರೇನು?” ಗೌಡಶಾನಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಗುಡುಗಿದರು. ಅದಕ್ಕಿಂತ ಗೌಡರ ಮಾತು ನನಗೆ ಚುಚ್ಚಿತು: “ಇವ ಅಷ್ಟು ಒದರಿದ್ರೂ ನಿಮಗ ಕೇಳಲಿಲ್ಲೇನ್ರಿ ವೀರಭದ್ರಪ್ಪ?”

“ಎಂಜಿನ್ ಸಪ್ಪಳದಾಗ ಹೆಂಗ ಕೇಳ್ಬೇಕ್ರಿ,” ನಾನೇ ಹೇಳಿದೆ.

“ನನಗ ಕೇಳ್ತಲ್ಲೋ,” ಅಂದರು ಗೌಡರು.

ಮರುದಿನವೆಲ್ಲ ಎಣ್ಣೆ ಒರೆಸಿದ್ದೇ ಆಯಿತು. ಪೆಟ್ರೋಲಿನಲ್ಲಿ ಕೊಳವೆ ತೊಳೆದು, ಅಳತೆ ಪೆಟ್ಟಿಗೆಯ ರೆಕ್ಕೆಯನ್ನು ಹತ್ತಿಯಿಂದ ಒರೆಸಿ, ಹಳೆಯ ಫಿಲ್ಟರ್ ಧೂಳು ಕೊಡವಿ ಮತ್ತೆ ಕೂರಿಸಿದೆವು. ಫಿಲ್ಟರ್ ಈಗ ಚೊಕ್ಕಟ, ಆದರೂ ಎಂಜಿನ್ ಏರಿಳಿತ ಬಿಡಲಿಲ್ಲ. ನಾನು ರಬ್ಬರ್ ನಳಿಕೆ ಕಿವಿಗಿಟ್ಟುಕೊಂಡು ಎಲ್ಲ ಕಡೆ ಆಲಿಸಿದೆ. ಟರ್ಬೊದ ಸಿಳ್ಳೆ ಬಿಟ್ಟರೆ ಬೇರೇನೂ ಕೇಳಲಿಲ್ಲ. ಗೌಡರೂ ನಳಿಕೆ ಇಸಿದುಕೊಂಡು ಆಲಿಸಿದರು. ಎಲ್ಲರೂ ಕಿವಿಯಾಗಿ ನಿಂತಿದ್ದಾಗ ಫೋರ್‌ಮನ್ನರು ಗೌಡಶಾನಿ ಬಳಿ ಹೋಗಿ ಕೇಳಿದರು: “ತಾಯಿ, ನಾಕು ಊದಿನಕಡ್ಡಿ ಕೊಡ್ರಿ.”

“ಗಾಡಿಗೆ ಗಾಳಿ ಸೋಕೈತೇನ್ರಿ, ಪೂಜಿ ಮಾಡಾಕ?” ಅವರ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಕೊಟ್ಟರು.

ಫೋರ್‌ಮನ್ನರು ಪೆಟ್ರೋಲ್ ಬಟ್ಟೆ, ಡಬ್ಬಿಗಳನ್ನೆಲ್ಲ ಅಂಗಳದ ಆಚೆ ತುದಿಗೆ ಸಾಗಿಸಿದರು. ಎಂಜಿನ್ ನಿಧಾನಕ್ಕೆ ಬಿಟ್ಟು, ಹೊಗೆಯಾಡುವ ಕಡ್ಡಿಯನ್ನು ಗಾಳಿಯ ದಾರಿಯುದ್ದಕ್ಕೂ ಬೆರಳಗಲ ಬೆರಳಗಲ ಸರಿಸುತ್ತ ಹೋದರು. ಹೊಗೆ ನೆಟ್ಟಗೆ ಮೇಲೇರುತ್ತಿತ್ತು. ಅಳತೆ ಪೆಟ್ಟಿಗೆ ದಾಟಿ ರಬ್ಬರ್ ಕೊಳವೆಯ ಕೆಳಭಾಗಕ್ಕೆ ಬಂದಾಗ ಹೊಗೆ ಥಟ್ಟನೆ ಬಾಗಿ ಒಂದು ಮಡಿಕೆಯೊಳಗೆ ನುಗ್ಗಿ ಮಾಯವಾಯಿತು! ನಾನು ಚೀರಿಬಿಟ್ಟೆ. ಮಡಿಕೆಯಲ್ಲಿ ಉಗುರಿನಷ್ಟು ಸೀಳು. ಪೆಟ್ಟಿಗೆ ಅಳೆಯದ ಗಾಳಿ, ಫಿಲ್ಟರ್ ಕಾಣದ ಧೂಳು, ಎರಡೂ ಅಲ್ಲಿಂದ ಒಳಗೆ ಹೋಗುತ್ತಿದ್ದವು. ಸೀಳಿನ ಸುಯ್ ಶಬ್ದವನ್ನು ಟರ್ಬೊದ ಸಿಳ್ಳೆ ನುಂಗಿತ್ತು. ಕಿವಿ ಇದ್ದ ನಾವಿಬ್ಬರೂ ಮೋಸಹೋದೆವು, ಕಿವಿ ಇಲ್ಲದವರು ಕಣ್ಣಿನಿಂದ ಹಿಡಿದರು. ನನಗೆ ಅವರನ್ನು ಎತ್ತಿ ಕುಣಿಯಬೇಕೆನ್ನಿಸಿತು. ಕೆಲಸಕ್ಕೆ ಸೇರುವವರಿಗೆ ನಾನು ಹೇಳುವುದು ಇಷ್ಟೇ, ಒಂದು ದಾರಿಯಿಂದ ಸಿಗದ ದೋಷವನ್ನು ಅದೇ ದಾರಿಯಲ್ಲಿ ಹತ್ತು ಸಲ ಹುಡುಕುತ್ತ ಕೂರಬೇಡಿ.

ಇನ್ನು ಹೊಸ ದಾರಿ ಮಾಡುವುದು. ಫೋರ್‌ಮನ್ನರು ಬಚ್ಚಲ ಕಟ್ಟೆಯ ಮೇಲೆ ಇದ್ದಿಲಿನಿಂದ ಚಿತ್ರ ಬರೆದರು. ಗಾಳಿ ಒಳಹೋಗುವ ಬಾಯಿ ಎಂಜಿನ್ನಿನ ಬಿಸಿಯಲ್ಲಿ ಇರಬಾರದು, ಮುಂದಿನ ಜಾಲರಿಯ ಹಿಂದೆ ತಂಪುಗಾಳಿ ಸಿಗುವ ಕಡೆ ಇರಬೇಕು. ಸೀಳಿದ ರಬ್ಬರ್ ಕೊಳವೆಯ ಜಾಗಕ್ಕೆ ತಗಡಿನ ಪೈಪು. ಕಾಗದದ ಫಿಲ್ಟರ್ ನಮ್ಮ ಕಂಪ್ರೆಸರಿನದು, ಮೂರು ಪಟ್ಟು ದೊಡ್ಡದು. ಅದಕ್ಕೂ ಮೊದಲು ಗಾಳಿಯನ್ನು ಗಿರಗಿರನೆ ತಿರುಗಿಸಿ ದಪ್ಪ ಧೂಳನ್ನು ಕೆಳಗೆ ಉದುರಿಸುವ ಒಂದು ಆಲಿಕೆ. ಅಕ್ಕಿ ಗಿರಣಿಗಳಲ್ಲಿ ತೌಡು ಬೇರೆ ಮಾಡಲು ಅಂಥದ್ದೇ ದೊಡ್ಡ ಆಲಿಕೆ ಮಾಳಿಗೆಯ ಮೇಲೆ ಇರುತ್ತದೆ. ಅದರ ಮರಿ ಬೇಕಿತ್ತು ನಮಗೆ.

ನಾನು ಆ ಚಿತ್ರವನ್ನು ಕಾಗದಕ್ಕೆ ಇಳಿಸಿಕೊಂಡು ಬಸ್ಸು ಹತ್ತಿ ಕಾರಟಗಿಗೆ ಹೋದೆ. ಅಲ್ಲಿ ಗಿರಣಿಗಳಿಗೆ ತಗಡಿನ ಕೆಲಸ ಮಾಡುವ ಸುಬ್ಬಯ್ಯ ಎಂಬವರಿದ್ದರು, ಆಂಧ್ರದ ಕಡೆಯಿಂದ ಬಂದು ನಿಂತವರು. ಕಾಗದವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, “ಏಮಯ್ಯಾ, ಇದು ಗುಬ್ಬಿ ಗಿರಣಿಗೆ ಏನು?” ಅಂದರು.

“ಇಲ್ರಿ, ಕಾರಿಗೆ.”

“ಕಾರಿನಾಗ ಅಕ್ಕಿ ಮಾಡ್ತೀರಾ?” ಎಂದು ಹೊಟ್ಟೆ ಹಿಡಿದು ನಕ್ಕರು. ಆದರೆ ಕತ್ತರಿ ಕೈಗೆ ಬಂದ ಮೇಲೆ ಒಂದು ಮಾತಿಲ್ಲ. ಪೈಪಿನ ಬಾಗುಗಳನ್ನು ಮೊಣಕೈಯಂತೆ ಮುರಿಯದೆ, ಆರಾರು ಸಣ್ಣ ತುಂಡು ಜೋಡಿಸಿ ದುಂಡಗೆ ತಿರುಗಿಸಿದರು. ಒಳಗಿನ ಬೆಸುಗೆ ಬೆರಳಿಗೆ ಹತ್ತದಂತೆ ಉಜ್ಜಿ ಕೊಟ್ಟರು. “ತೌಡಿಗೆ ಅಡ್ಡ ಬಂದದ್ದು ಗಾಳಿಗೂ ಅಡ್ಡ ಬರುತ್ತದಯ್ಯಾ” ಅಂದರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ, ಪಕ್ಕದವರಿಗೂ ತಾಗಗೊಡಲಿಲ್ಲ.

ಜೋಡಿಸುವ ಮೊದಲೂ ಜೋಡಿಸಿದ ಮೇಲೂ ಅಳೆಯಬೇಕಲ್ಲ! ಫೋರ್‌ಮನ್ನರು ದವಾಖಾನೆಯಿಂದ ಸಲಾಯಿನ್ ನಳಿಕೆ ತರಿಸಿ, ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ಬಟ್ಟೆಗೆ ಹಾಕುವ ನೀಲಿ ಕಲಸಿದ ನೀರು ತುಂಬಿದರು. ಒಂದು ತುದಿಯನ್ನು ಫಿಲ್ಟರ್ ದಾಟಿದ ಕಡೆ ಸಿಕ್ಕಿಸಿದರು. ಗಾಳಿಗೆ ದಾರಿ ಇಕ್ಕಟ್ಟಾದಷ್ಟೂ ನೀರು ಆ ಕಡೆ ಏರುತ್ತದೆ. ಹಳೆಯ ದಾರಿಯಲ್ಲಿ ಒತ್ತಿದಾಗ ನೀರು ಒಂದು ಗೇಣು ಏರಿತ್ತು. ಹೊಸದರಲ್ಲಿ? ನಾನು ಒತ್ತಿದೆ, ಗೌಡರು ಕುರ್ಚಿಯಿಂದ ಇಳಿದು ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ನಾಲ್ಕೇ ಬೆರಳು! ಗೌಡರು ಎದ್ದು ಫೋರ್‌ಮನ್ನರ ಬೆನ್ನಿಗೆ ಗುದ್ದಿದರು. “ಎಲ್ಲಿ ಕಲ್ತ್ರಿ ಇದನ್ನ?” ಫೋರ್‌ಮನ್ನರು ತುಟಿ ನೋಡಿ ಹಿಡಿದರು. “ಕಣ್ಣಿಗೆ ಕಾಣೂದು ಬೇಕಿತ್ರಿ ನನಗ” ಅಂದರು. ನನ್ನೊಬ್ಬನಿಗೆ ಆ ಮಾತಿನ ಅರ್ಥ ಪೂರಾ ಗೊತ್ತಿತ್ತು.

ಎಂಟನೆಯ ದಿನ ಬೆಳಿಗ್ಗೆ ಹೆದ್ದಾರಿಗೆ ಹೊರಟೆವು. ಗೌಡರು ಸ್ಟೇರಿಂಗಿನ ಮುಂದೆ, ಪಕ್ಕದಲ್ಲಿ ಫೋರ್‌ಮನ್ನರು, ಹಿಂದಿನ ಗೇಣಗಲದ ಸೀಟಿನಲ್ಲಿ ಮಂಡಿ ಗದ್ದಕ್ಕೆ ತಾಗಿಸಿಕೊಂಡು ನಾನು. ಮುಂದೆ ಹೊಸಪೇಟೆ ದಿಕ್ಕಿಗೆ ನೆಟ್ಟಗೆ ಬಿದ್ದ ರಸ್ತೆ, ಒಂದು ಲಾರಿಯೂ ಇಲ್ಲ. ಗೌಡರು ಒತ್ತಿದರು. ಒಂದು ಕ್ಷಣ ಏನೂ ಇಲ್ಲ. ಮರುಕ್ಷಣ ಟರ್ಬೊ ಮೀಟರಿನ ಮುಳ್ಳು ಎದ್ದಿತು, ಯಾರೋ ಹಿಂದಿನಿಂದ ಒದ್ದ ಹಾಗೆ ಗಾಡಿ ಹಾರಿತು! ನನ್ನ ತಲೆ ಹಿಂದಿನ ಗಾಜಿಗೆ ಬಡಿಯಿತು. ನೋವೂ ಗೊತ್ತಾಗಲಿಲ್ಲ. ಗಿಡಗಳು ಸರಸರನೆ ಹಿಂದೆ ಓಡಿದವು, ಗೌಡರು ಹುಡುಗರ ಹಾಗೆ ಕೇಕೆ ಹಾಕಿದರು, ನಾನೂ ಹಾಕಿದೆ. ಜೀವಮಾನದಲ್ಲಿ ಎಷ್ಟೋ ಎಂಜಿನ್ ಚಾಲೂ ಮಾಡಿದ್ದೇನೆ, ಅಂಥ ಖುಷಿ ಮತ್ತೆ ಸಿಗಲಿಲ್ಲ. ವೇಗ ಏರಿದಂತೆ ಟರ್ಬೊದ ಸಿಳ್ಳೆಯೂ ಏರಿತು. ಮೊದಲಿನದಲ್ಲ, ಹೊಸ ಸಿಳ್ಳೆ. ದಾರಿ ಅಗಲವಾಗಿತ್ತಲ್ಲ, ಗಂಟಲು ಬಿಟ್ಟು ಹಾಡುತ್ತಿತ್ತು.

ಗೌಡರು ನಿಧಾನ ಮಾಡಿ ರಸ್ತೆ ಬದಿಗೆ ನಿಲ್ಲಿಸಿದರು. ಫೋರ್‌ಮನ್ನರ ಕಡೆ ತಿರುಗಿ ಕೇಳಿದರು: “ಸಿಳ್ಳಿ ಬ್ಯಾರೆ ಆಗೈತಲ್ರಿ. ಇದು ಸರಿ ಐತೇನು? ನೀವು ಹ್ಞೂಂ ಅಂದ್ರ ಈಗ ಪೂರಾ ಒತ್ತತೀನಿ.”

ಸಿಳ್ಳೆ ಸರಿಯಿತ್ತೆಂದು ನನಗೆ ಅನ್ನಿಸಿತ್ತು. ಎಂದಿನಂತೆ ಹಿಂದಿನಿಂದ ಫೋರ್‌ಮನ್ನರ ಭುಜಕ್ಕೆ ಒಂದು ಸಲ ತಟ್ಟಿದೆ. ನಮ್ಮಲ್ಲಿ ಅದಕ್ಕೆ ‘ಸರಿ ಐತಿ’ ಎಂದರ್ಥ. ತಟ್ಟಿದ ಕೈಯನ್ನು ಅವರು ತಿರುಗಿ ನೋಡಿದರು. ಆಮೇಲೆ ಗೌಡರನ್ನು ನೋಡಿದರು.

“ಮಹಿಬೂಬ ಸರಿ ಐತಿ ಅಂತಾನ್ರಿ. ಅವನ ಕಿವಿ ಛಲೋ ಅದಾವ. ಆದ್ರ ನೀವು ಕೇಳಿದ್ದು ನನ್ನ. ಎಂಜಿನ್ ವಿಷಯದಾಗ ನಾ ಸುಳ್ಳು ಹೇಳಂಗಿಲ್ಲ. ನನಗ ಸಿಳ್ಳಿ ಕೇಳಿಲ್ರಿ. ಎರಡು ವರ್ಷ ಆತು, ಯಾವ ಸಿಳ್ಳಿನೂ ಕೇಳಿಲ್ಲ.”

ಗೌಡರು ಚಾವಿ ತಿರುವಿದರು. ಎಂಜಿನ್ ನಿಂತಿತು. ಆಮೇಲೆ ಫೋರ್‌ಮನ್ನರಿಗೆ ತುಟಿ ಕಾಣುವಂತೆ ತಿರುಗಿ, ಒಂದೊಂದೇ ಮಾತು ಬಿಡಿಸಿ ಕೇಳಿದರು: “ಮದ್ದಿನ ಸಿಳ್ಳಿ ಯಾರು ಹೇಳ್ತಿದ್ರು?”

“ಇವ.”

“ಇವ ರಜಾ ಇದ್ದಾಗ?”

ಫೋರ್‌ಮನ್ನರು ನನ್ನ ಕಡೆ ನೋಡಲಿಲ್ಲ. “ಎಲ್ಲಾರ ಕಾಲು ನೋಡ್ತಿದ್ನಿರಿ. ಅವು ಓಡಿದ್ರ ನಾನೂ ಓಡ್ತಿದ್ದೆ.”

ಗೌಡರು ಕಣ್ಣೊರೆಸಿಕೊಂಡರು, ಕಾಯಿದೆ ಬಿಡಲಿಲ್ಲ. “ಇವತ್ತಿನಿಂದ ನೀವು ಕ್ವಾರಿಗೆ ಇಳಿಯಂಗಿಲ್ಲ. ರಸ್ತಾಕ್ಕ ಹಚ್ಚಿ ಒಂದು ಶೆಡ್ ಹಾಕಸ್ತೀನಿ. ಮಶೀನು ನಿಮ್ಮ ಹತ್ರ ಬರ್ತಾವ” ಅಂದರು. ಹಾಗೆಯೇ ಮಾಡಿದರು, ಫೋರ್‌ಮನ್ನರು ಆ ಶೆಡ್ಡಿನಲ್ಲಿ ಇನ್ನೂ ಒಂಬತ್ತು ವರ್ಷ ದುಡಿದರು. ನನಗೆ ಗೌಡರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ವಾಪಸು ಬರುವ ದಾರಿಯುದ್ದಕ್ಕೂ ನಾನು ಹಿಂದಿನ ಸೀಟಿನಲ್ಲಿ ನನ್ನ ರಜೆಗಳನ್ನು ನೆನೆಯುತ್ತ ಬಂದೆ. ತಂಗಿಯ ಮದುವೆಗೆ ಒಂದು ವಾರ, ಜ್ವರ ಬಂದು ನಾಲ್ಕು ದಿನ. ಉಳಿದವೆಲ್ಲ ಗಂಗಾವತಿಗೆ ಹೋಗಿ ಸಿನಿಮಾ ನೋಡಿದ ದಿನಗಳು. ಮರುದಿನ ಕ್ವಾರಿಯಲ್ಲಿ ಆ ಸಿನಿಮಾದ ಕಥೆಯನ್ನೆಲ್ಲ ನಾನು ಫೋರ್‌ಮನ್ನರಿಗೆ ಕೈಸನ್ನೆಯಲ್ಲಿ ಹೇಳುತ್ತಿದ್ದೆ, ಅವರು ನಗುತ್ತ ನೋಡುತ್ತಿದ್ದರು.